ಎಂ.ಐ.ಎ. ಅವರ ‘ಮಾಯಾ’ ಆಲ್ಬಂ ಮತ್ತು ವಿಮರ್ಶಕರು: ಪದೇ ಪದೇ ಕೇಳುವ ಪ್ರಶ್ನೆಗಳು

2010ರ ಜುಲೈನಲ್ಲಿ ‘ಮಾಯಾ’ ಹೊರಬಂದಾಗ ವಿಮರ್ಶಕರು ಎರಡು ಪಾಲಾದರು. ಕೆಲವರು ತಲೆಯ ಮೇಲೆ ಹೊತ್ತು ಮೆರೆಸಿದರು, ಹಲವರು ಮುಖ ಸಿಂಡರಿಸಿದರು. ಈ ಆಲ್ಬಂ ಬಗ್ಗೆ ಮಾತು ಬಂದಾಗಲೆಲ್ಲ ಅವವೇ ಪ್ರಶ್ನೆಗಳು ಎದುರಾಗುತ್ತವೆ. ಅವುಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ಯಾವ ಕಡೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ: ಆ ವರ್ಷ ಬಹಳ ಮಂದಿ ಆಲ್ಬಂಗೆ ಅಂಕ ಕೊಡುವ ಬದಲು ಅದನ್ನು ಮಾಡಿದ ಹೆಂಗಸಿಗೆ ಅಂಕ ಕೊಟ್ಟರು. ಅದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ.

ಎಂ.ಐ.ಎ. ಯಾರು? ಅವರ ಹಾಡು ನಾನು ಕೇಳಿರಬಹುದಾ?

ಬಹುಶಃ ಕೇಳಿದ್ದೀರಿ. ‘ಸ್ಲಮ್‌ಡಾಗ್ ಮಿಲಿಯನೇರ್’ ಸಿನಿಮಾದಲ್ಲಿ ಹುಡುಗರು ರೈಲು ಹತ್ತಿ ಊರೂರು ತಿರುಗುವಾಗ ಒಂದು ಹಾಡು ಬರುತ್ತದೆ. ಪಲ್ಲವಿಯಲ್ಲಿ ಪಿಸ್ತೂಲಿನ ಸದ್ದು, ಅದರ ಬೆನ್ನಿಗೇ ಅಂಗಡಿಯ ಗಲ್ಲಾಪೆಟ್ಟಿಗೆ ತೆರೆಯುವ ಸದ್ದು. ಅದೇ ‘ಪೇಪರ್ ಪ್ಲೇನ್ಸ್’. 2008ರಲ್ಲಿ ಅಮೆರಿಕದ ಹಾಟ್ 100 ಪಟ್ಟಿಯಲ್ಲಿ ನಾಲ್ಕನೇ ಸ್ಥಾನದವರೆಗೆ ಹೋಗಿತ್ತು. ಅದೇ ಸಿನಿಮಾಕ್ಕೆ ಎ.ಆರ್. ರೆಹಮಾನ್ ಜೊತೆ ಮಾಡಿದ ‘ಓ... ಸಾಯಾ’ ಆಸ್ಕರ್‌ಗೆ ನಾಮನಿರ್ದೇಶನವಾಗಿತ್ತು.

ಅವರ ಹೆಸರು ಮಾತಂಗಿ ಅರುಳ್‌ಪ್ರಗಾಸಂ, ಕರೆಯುವುದು ಮಾಯಾ ಅಂತ. ಶ್ರೀಲಂಕಾ ತಮಿಳರ ಮನೆಯ ಮಗಳು. 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಆರು ತಿಂಗಳ ಕೂಸಾಗಿದ್ದಾಗಲೇ ಜಾಫ್ನಾಕ್ಕೆ ಹೋದರು. ಯುದ್ಧ ಜೋರಾದಾಗ ತಾಯಿ ಮಕ್ಕಳನ್ನು ಕಟ್ಟಿಕೊಂಡು ಸ್ವಲ್ಪ ಕಾಲ ಮದರಾಸಿನಲ್ಲಿದ್ದು, 1986ರಲ್ಲಿ ನಿರಾಶ್ರಿತರಾಗಿ ಮತ್ತೆ ಲಂಡನ್ ಸೇರಿದರು. ತಂದೆ ಅರುಳರ್ ಎಂದೇ ಹೆಸರಾದವರು, ಈರೋಸ್ ಎಂಬ ತಮಿಳು ಸಂಘಟನೆ ಕಟ್ಟಿದವರಲ್ಲಿ ಒಬ್ಬರು. ತಾಯಿ ಕಲಾ. ಮೊದಲ ಆಲ್ಬಂಗೆ ತಂದೆಯ ಹೆಸರು (2005), ಎರಡನೆಯದಕ್ಕೆ ತಾಯಿಯ ಹೆಸರು (2007), ಮೂರನೆಯದಕ್ಕೆ ತಮ್ಮದೇ ಹೆಸರು. ನಾವು ಮಾತಾಡುತ್ತಿರುವುದು ಆ ಮೂರನೆಯದರ ಬಗ್ಗೆ.

ಇದು ರಾಪ್ ಅಲ್ವಾ? ಎಲೆಕ್ಟ್ರಾನಿಕ್ ಅಂತ ಯಾಕೆ ಕರೀತಾರೆ?

ಬಾಯಲ್ಲಿ ಬರುವುದು ರಾಪ್, ಅರ್ಧ ಹಾಡು, ಅರ್ಧ ಘೋಷಣೆ. ಆದರೆ ಕೆಳಗಿರುವುದೆಲ್ಲ ಮಷೀನಿನ ಸದ್ದು. ಡಬ್‌ಸ್ಟೆಪ್ ಎಂಬ ಭಾರಿ ಬೇಸ್‌ನ ಸಂಗೀತದ ರಸ್ಕೊ, ಮೊದಲಿಂದಲೂ ಜೊತೆಗಿದ್ದ ಸ್ವಿಚ್ ಮತ್ತು ಡಿಪ್ಲೊ, ಬಾಲ್ಟಿಮೋರಿನ ಬ್ಲಾಕ್‌ಸ್ಟಾರ್, ಸ್ಲೇ ಬೆಲ್ಸ್ ತಂಡದ ಡೆರೆಕ್ ಮಿಲ್ಲರ್ — ಇಷ್ಟು ಜನ ಪ್ರೊಡ್ಯೂಸರ್‌ಗಳು ಸೇರಿದ್ದಾರೆ. ಬೇಸ್ ಎದೆಗೆ ಗುದ್ದುತ್ತದೆ, ಡಿಸ್ಟಾರ್ಷನ್, ಅಂದರೆ ಬೇಕೆಂದೇ ಒಡಕು ಮಾಡಿದ ಸದ್ದು, ಎಲ್ಲೆಲ್ಲೂ ಇದೆ.

‘ಸ್ಟೆಪ್ಪಿನ್ ಅಪ್’ ಹಾಡನ್ನು ಒಮ್ಮೆ ಹೆಡ್‌ಫೋನ್ ಹಾಕಿ ಕೇಳಿ. ಡ್ರಿಲ್ಲಿಂಗ್ ಮಷೀನು ಗೋಡೆಗೆ ಇಳಿಯುವಾಗ ಬರುತ್ತಲ್ಲ, ಆ ಕಿರ್ರ್ ಅನ್ನುವ ಶಬ್ದ, ಅದೇ ಇಲ್ಲಿ ತಾಳ. ಸುಮ್ನೆ ಅಲಂಕಾರಕ್ಕೆ ಮೇಲೆ ಚಿಮುಕಿಸಿದ್ದಲ್ಲ. ಅದನ್ನು ಕತ್ತರಿಸಿ, ಲೆಕ್ಕಕ್ಕೆ ಸರಿಯಾಗಿ ಕೂರಿಸಿದ್ದಾರೆ. ಮೊದಲ ಸಲ ಹಲ್ಲು ಜುಮ್ಮೆನ್ನುತ್ತದೆ. ನಾಲ್ಕೈದು ಸಲ ಕೇಳಿದ ಮೇಲೆ ಕಾಲು ತಾನಾಗೇ ತಾಳ ಹಾಕುತ್ತದೆ. ‘ಮೆಡ್ಸ್ ಆ್ಯಂಡ್ ಫೆಡ್ಸ್’ನಲ್ಲಿ ಮಿಲ್ಲರ್ ಅವರ ಗಿಟಾರು ಎಷ್ಟು ಜೋರಾಗಿ ಒಡೆದು ಬರುತ್ತದೆ ಅಂದರೆ ನಿಮ್ಮ ಸ್ಪೀಕರೇ ಕೆಟ್ಟಿದೆಯೇನೋ ಅನ್ನಿಸುತ್ತದೆ. ‘ಬಾರ್ನ್ ಫ್ರೀ’ ನಿಂತಿರುವುದು ನ್ಯೂಯಾರ್ಕಿನ ಸೂಸೈಡ್ ತಂಡದ 1977ರ ‘ಘೋಸ್ಟ್ ರೈಡರ್’ ಹಾಡಿನ ಸ್ಯಾಂಪಲ್ ಮೇಲೆ, ಅಂದರೆ ಅದರಿಂದ ತೆಗೆದ ತುಣುಕಿನ ಮೇಲೆ.

‘ಕಲಾ’ದಲ್ಲಿ ಹೀಗಿರಲಿಲ್ಲ. ಅಲ್ಲಿ ಚೆನ್ನೈನಲ್ಲಿ ರೆಕಾರ್ಡ್ ಮಾಡಿದ ಉರುಮೆ ವಾದ್ಯ ಇತ್ತು. ನಮ್ಮ ಕಡೆಯೂ ಬಾರಿಸುವ ಅದೇ ಉರುಮೆ. ಇಳಯರಾಜಾ ಅವರ ‘ದಳಪತಿ’ ಹಾಡಿನ ತುಣುಕಿತ್ತು, ಬಪ್ಪಿ ಲಾಹಿರಿಯವರ ‘ಜಿಮ್ಮಿ ಜಿಮ್ಮಿ’ ಹೊಸ ರೂಪದಲ್ಲಿತ್ತು. ಜಾತ್ರೆಯ ಗದ್ದಲದಂಥ ಖುಷಿ ಅದರಲ್ಲಿತ್ತು. ‘ಮಾಯಾ’ ಬಂದಾಗ ಜನ ಅದೇ ಗದ್ದಲಕ್ಕೆ ಕಾಯುತ್ತಿದ್ದರು. ಸಿಕ್ಕಿದ್ದು ಮುಚ್ಚಿದ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತವರ ಸಿಟ್ಟು.

ಸಿಟ್ಟು ಯಾರ ಮೇಲೆ?

ಇದಕ್ಕೆ ಉತ್ತರ ಬೇಕಾದರೆ ಹಿಂದಿನ ವರ್ಷಕ್ಕೆ ಹೋಗಬೇಕು. 2009ರ ಮೇ ತಿಂಗಳಲ್ಲಿ ಶ್ರೀಲಂಕಾದ ಯುದ್ಧ ಮುಗಿಯಿತು. ಕೊನೆಯ ತಿಂಗಳುಗಳಲ್ಲಿ ಈಶಾನ್ಯದ ಒಂದು ಸಣ್ಣ ಕಡಲತೀರದ ಪಟ್ಟಿಯಲ್ಲಿ ಲಕ್ಷಾಂತರ ತಮಿಳು ನಾಗರಿಕರು ಸಿಕ್ಕಿಬಿದ್ದಿದ್ದರು. ಒಂದು ಕಡೆ ಸೈನ್ಯದ ಶೆಲ್ ದಾಳಿ, ಇನ್ನೊಂದು ಕಡೆ ಜನರನ್ನು ಹೊರಗೆ ಹೋಗಲು ಬಿಡದ ಎಲ್‌ಟಿಟಿಇ. ಆ ಹಂತದಲ್ಲಿ 40,000ದವರೆಗೂ ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು.

ಇದೆಲ್ಲ ನಡೆಯುತ್ತಿದ್ದಾಗ ಎಂ.ಐ.ಎ. ಅವರ ಖ್ಯಾತಿ ತುತ್ತತುದಿಯಲ್ಲಿತ್ತು. 2009ರ ಫೆಬ್ರುವರಿಯಲ್ಲಿ ಗ್ರ್ಯಾಮಿ ವೇದಿಕೆಯಲ್ಲಿ ತುಂಬು ಬಸುರಿಯಾಗಿ ಹಾಡಿದರು. ಸಿಕ್ಕ ಸಂದರ್ಶನದಲ್ಲೆಲ್ಲ ಶ್ರೀಲಂಕಾದ ಬಗ್ಗೆ ಮಾತೆತ್ತಿದರು. ಕೇಳುವವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಸಾವಿರಾರು ಜನ ಸಾಯುತ್ತಿರುವ ಸುದ್ದಿಯನ್ನು ಅವರು ನೋಡುತ್ತಿದ್ದದ್ದು ಇಂಟರ್ನೆಟ್‌ನಲ್ಲಿ, ನುಣುಪಾದ ಜಾಹೀರಾತುಗಳ ಪಕ್ಕದಲ್ಲೇ. ‘ಮಾಯಾ’ದ ಮುಖಪುಟ ನೋಡಿ: ಯೂಟ್ಯೂಬ್‌ನ ವಿಡಿಯೊ ಓಡುವ ಪಟ್ಟಿಗಳು ಒಂದರ ಮೇಲೊಂದು ಪೇರಿಸಿಕೊಂಡು ಅವರ ಮುಖವನ್ನು ಮುಚ್ಚಿವೆ. ಇಣುಕುವುದು ಕಣ್ಣುಗಳು ಮಾತ್ರ. ಸಿಟ್ಟು ಸರ್ಕಾರದ ಮೇಲೆ, ಸುದ್ದಿ ಕೊಡುವವರ ಮೇಲೆ, ಎಲ್ಲವನ್ನೂ ಮನರಂಜನೆ ಮಾಡಿಬಿಡುವ ಪರದೆಯ ಮೇಲೆ. ನೋಡಿಯೂ ಸುಮ್ಮನಿರುವ ನಮ್ಮ ಮೇಲೂ ಹೌದು.

ವಿಮರ್ಶಕರು ನಿಜವಾಗಿ ಏನು ಹೇಳಿದರು?

ಮೊದಲ ಎರಡು ಆಲ್ಬಂಗಳಿಗೆ ಹೊಗಳಿಕೆಯ ಮಳೆಯೇ ಸುರಿದಿತ್ತು. ಹಲವು ಪತ್ರಿಕೆಗಳ ವಿಮರ್ಶೆಗಳನ್ನು ಒಟ್ಟುಮಾಡಿ ನೂರಕ್ಕೆ ಇಷ್ಟು ಅಂತ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ತಾಣದಲ್ಲಿ ಎರಡಕ್ಕೂ 85ಕ್ಕಿಂತ ಜಾಸ್ತಿ ಅಂಕ. ‘ಮಾಯಾ’ಕ್ಕೆ ಸಿಕ್ಕಿದ್ದು 68. ಇದನ್ನು ಕೆಟ್ಟ ಅಂಕ ಅಂತ ಹೇಳಲಾಗದು. ಆದರೆ ಸರಾಸರಿ ಇಲ್ಲಿ ದಾರಿ ತಪ್ಪಿಸುತ್ತದೆ. ಎಲ್ಲರೂ ಸೇರಿ ‘ಪರವಾಗಿಲ್ಲ’ ಅಂದದ್ದರಿಂದ ಬಂದ 68 ಅಲ್ಲ ಇದು. ಒಬ್ಬರು ಮೇಲಕ್ಕೆ, ಒಬ್ಬರು ಕೆಳಕ್ಕೆ ಎಳೆದಾಡಿ ಬಂದದ್ದು.

ಕೆಳಕ್ಕೆ ಎಳೆದವರಲ್ಲಿ ಹೆಚ್ಚು ಸದ್ದು ಮಾಡಿದ್ದು ಪಿಚ್‌ಫೋರ್ಕ್ ಎಂಬ ಸಂಗೀತ ವಿಮರ್ಶೆಯ ತಾಣ. ಆ ಕಾಲದಲ್ಲಿ ಪಿಚ್‌ಫೋರ್ಕ್ ಕೊಡುವ ಅಂಕವೆಂದರೆ ಯುವ ಕೇಳುಗರಿಗೆ ವೇದವಾಕ್ಯ. ‘ಕಲಾ’ಕ್ಕೆ ಹತ್ತಕ್ಕೆ ಒಂಬತ್ತರ ಹತ್ತಿರ ಕೊಟ್ಟಿದ್ದವರು ‘ಮಾಯಾ’ಕ್ಕೆ ಕೊಟ್ಟದ್ದು 4.4. ಈ ಕಡೆಯವರ ದೂರುಗಳನ್ನು ಒಟ್ಟಿಗೆ ನೋಡಿದರೆ ಹೀಗಿವೆ: ರಾಗವಿಲ್ಲ, ಗುನುಗಲು ಏನೂ ಸಿಗುವುದಿಲ್ಲ, ಸದ್ದು ಸುಮ್ನೆ ಕಿವಿಗೆ ಚುಚ್ಚುತ್ತದೆ, ರಾಜಕೀಯ ಮಾತು ಘೋಷಣೆಯ ಮಟ್ಟದಲ್ಲೇ ನಿಲ್ಲುತ್ತದೆ, ಇಂಟರ್ನೆಟ್ ಬಗ್ಗೆ ಹೇಳುವುದೆಲ್ಲ ಭ್ರಮೆಯ ಹಾಗಿದೆ.

ಮೇಲಕ್ಕೆ ಎತ್ತಿದವರಲ್ಲಿ ದೊಡ್ಡ ಹೆಸರು ರಾಬರ್ಟ್ ಕ್ರಿಸ್ಟ್‌ಗೌ. 1960ರ ದಶಕದಿಂದ ಅಮೆರಿಕದಲ್ಲಿ ರಾಕ್ ವಿಮರ್ಶೆ ಬರೆಯುತ್ತಿದ್ದವರು. ಯುವಕರ ತಾಣ ತಳ್ಳಿಹಾಕಿದ ಆಲ್ಬಂ ಅನ್ನು ಎಪ್ಪತ್ತರ ಹತ್ತಿರದ ಈ ಹಿರಿಯರು ಮನಸಾರೆ ಮೆಚ್ಚಿ ಬರೆದರು. ಮೆಚ್ಚಿದವರ ವಾದ ಸರಳ: ಈ ಕರ್ಕಶತನ ಬೇಕೆಂದೇ ಮಾಡಿದ್ದು. ಲೋಕ ಹೀಗಿದೆ, ಸದ್ದೂ ಹೀಗಿದೆ. ಗದ್ದಲದ ಅಡಿಯಲ್ಲಿ ಹಾಡುಗಳಿವೆ, ತಾಳ್ಮೆಯಿಂದ ಕೇಳಬೇಕು.

ನನಗೆ ಗಮನಾರ್ಹ ಅನ್ನಿಸುವುದು ಬೇರೆ. ತೆಗಳಿದ ವಿಮರ್ಶೆಗಳಲ್ಲಿ ಎಷ್ಟೋ ಶುರುವಾಗುವುದು ಹಾಡಿನಿಂದ ಅಲ್ಲ. ಒಂದು ವಿಡಿಯೊ, ಒಂದು ಸಂದರ್ಶನ, ಒಂದು ಟ್ವೀಟ್ ಇವುಗಳ ಸುದ್ದಿ ಮೊದಲು, ಹಾಡಿನ ಸರದಿ ಆಮೇಲೆ. ಆಲ್ಬಂ ಅಂಗಡಿಗೆ ಬರುವ ಮೊದಲೇ ತೀರ್ಪು ಅರ್ಧ ಬರೆದಾಗಿತ್ತು.

‘ಬಾರ್ನ್ ಫ್ರೀ’ ವಿಡಿಯೊದಲ್ಲಿ ಅಂಥದ್ದೇನಿತ್ತು?

2010ರ ಏಪ್ರಿಲ್ ಕೊನೆಗೆ ಬಂದ ಸುಮಾರು ಒಂಬತ್ತು ನಿಮಿಷದ ವಿಡಿಯೊ ಅದು. ನಿರ್ದೇಶನ ಫ್ರಾನ್ಸಿನ ರೊಮೆ ಗಾವ್ರಾಸ್ ಅವರದ್ದು. ಎಂ.ಐ.ಎ. ಇದರಲ್ಲಿ ಕಾಣಿಸುವುದೇ ಇಲ್ಲ.

ತೋಳಿನ ಮೇಲೆ ಅಮೆರಿಕದ ಬಾವುಟ ಹೊಲಿದುಕೊಂಡ ಸಶಸ್ತ್ರ ಪಡೆಯವರು ಒಂದು ವಸತಿ ಕಟ್ಟಡಕ್ಕೆ ನುಗ್ಗುತ್ತಾರೆ. ಬಾಗಿಲು ಒದೆಯುತ್ತಾರೆ, ಸಿಕ್ಕವರನ್ನು ಹೊಡೆಯುತ್ತಾರೆ. ಯಾರನ್ನು ಹುಡುಕುತ್ತಿದ್ದಾರೆ ಅನ್ನುವುದು ಸ್ವಲ್ಪ ಹೊತ್ತು ಗೊತ್ತಾಗುವುದಿಲ್ಲ. ಆಮೇಲೆ ಹಿಡಿದ ಹುಡುಗರನ್ನೆಲ್ಲ ಬಸ್ಸಿನಲ್ಲಿ ಕೂರಿಸಿದಾಗ ತಿಳಿಯುತ್ತದೆ: ಎಲ್ಲರದ್ದೂ ಕೆಂಚು ಕೂದಲು. ಅಷ್ಟೇ ಅವರ ತಪ್ಪು. ಬಸ್ಸು ಮರುಭೂಮಿಗೆ ಹೋಗುತ್ತದೆ. ಅಲ್ಲಿ ಒಬ್ಬ ಸಣ್ಣ ಹುಡುಗನ ತಲೆಗೆ ಎಲ್ಲರ ಕಣ್ಣೆದುರೇ ಗುಂಡು ಹೊಡೆಯುತ್ತಾರೆ. ಉಳಿದವರನ್ನು ನೆಲಬಾಂಬು ಹೂತ ಬಯಲಿನಲ್ಲಿ ಓಡಿಸುತ್ತಾರೆ. ಒಬ್ಬನ ಕಾಲು ಬಾಂಬಿನ ಮೇಲೆ ಬೀಳುತ್ತದೆ, ದೇಹ ಚೂರುಚೂರಾಗುವುದನ್ನು ಕ್ಯಾಮೆರಾ ನಿಧಾನಕ್ಕೆ ತೋರಿಸುತ್ತದೆ.

ಯೂಟ್ಯೂಬ್ ಇದಕ್ಕೆ ಅಡ್ಡಗಾಲು ಹಾಕಿತು, ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ವಿಡಿಯೊ ಸಿಗದಂತಾಯಿತು. ‘ಗಮನ ಸೆಳೆಯಲು ರಕ್ತ ಹರಿಸಿದ್ದಾರೆ’ ಎಂದು ಹಲವರು ಬರೆದರು.

ಇಲ್ಲಿ ಇನ್ನೊಂದು ಸಂಗತಿ ಸೇರಿಸಲೇಬೇಕು. 2009ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಚಾನೆಲ್ 4 ಒಂದು ದೃಶ್ಯ ಪ್ರಸಾರ ಮಾಡಿತ್ತು. ಕಣ್ಣಿಗೆ ಬಟ್ಟೆ ಕಟ್ಟಿ, ಬೆತ್ತಲೆ ಕೂರಿಸಿದ ಗಂಡಸರ ತಲೆಗೆ ಸಮವಸ್ತ್ರದವರು ಗುಂಡು ಹೊಡೆಯುವ ದೃಶ್ಯ. ಶ್ರೀಲಂಕಾ ಸರ್ಕಾರ ಇದು ಸುಳ್ಳು ಅಂದಿತು. ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿ ಫಿಲಿಪ್ ಆಲ್‌ಸ್ಟನ್ ತಜ್ಞರಿಂದ ಪರಿಶೀಲನೆ ಮಾಡಿಸಿ, ದೃಶ್ಯ ನಿಜವೆಂದೇ ತೋರುತ್ತದೆ ಎಂದು 2010ರ ಜನವರಿಯಲ್ಲಿ ಹೇಳಿದರು. ಎಂ.ಐ.ಎ. ಕೇಳಿದ್ದು ಇಷ್ಟೇ: ನಿಜವಾದ ಕೊಲೆಯ ವಿಡಿಯೊ ಬಂದಾಗ ಏಳದ ಗದ್ದಲ, ನಟರು ಬಣ್ಣ ಹಚ್ಚಿಕೊಂಡು ಸತ್ತಾಗ ಯಾಕೆ ಎದ್ದಿತು?

ವಿಡಿಯೊ ನೋಡಲು ಕಷ್ಟ, ಒಪ್ಪುತ್ತೇನೆ. ಸಣ್ಣ ಮಕ್ಕಳ ಮುಂದೆ ಹಾಕಬೇಡಿ. ಆದರೆ ಗಮನ ಸೆಳೆಯಲಷ್ಟೇ ಮಾಡಿದ್ದು ಅಂದವರು ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಫ್ರೆಂಚ್ ಫ್ರೈಸ್ ಪ್ರಕರಣ ಅಂದರೇನು?

2010ರ ಮೇ ಕೊನೆಗೆ, ಅಂದರೆ ಆಲ್ಬಂ ಬರುವ ಆರೇಳು ವಾರ ಮೊದಲು, ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್‌ನಲ್ಲಿ ಲಿನ್ ಹಿರ್ಶ್‌ಬರ್ಗ್ ಎಂಬ ಪತ್ರಕರ್ತೆ ಎಂ.ಐ.ಎ. ಬಗ್ಗೆ ಉದ್ದದ ಲೇಖನ ಬರೆದರು. ಒಂದು ಕಡೆ ಬಡವರ, ಬಂಡಾಯದ ಮಾತು. ಇನ್ನೊಂದು ಕಡೆ ಲಾಸ್ ಏಂಜಲೀಸ್‌ನ ಸಿರಿವಂತ ಬಡಾವಣೆಯಲ್ಲಿ ಮನೆ, ವಾರ್ನರ್ ಮ್ಯೂಸಿಕ್ ಮುಖ್ಯಸ್ಥರ ಮಗನ ಜೊತೆ ಸಂಸಾರ — ಇವೆರಡನ್ನೂ ಎದುರುಬದುರು ಇಟ್ಟು ಬರೆದ ಲೇಖನ. ಅದರಲ್ಲಿ ಒಂದು ಸಾಲು ಎಲ್ಲರ ಬಾಯಲ್ಲೂ ಕೂತುಬಿಟ್ಟಿತು. ತಾನು ಹೊರಗಿನವಳಾಗಿಯೇ ಉಳಿಯಬೇಕು ಎಂಬರ್ಥದ ಮಾತು ಹೇಳುತ್ತಾ ಎಂ.ಐ.ಎ. ದುಬಾರಿ ಟ್ರಫಲ್ ಅಣಬೆಯ ಪರಿಮಳದ ಫ್ರೆಂಚ್ ಫ್ರೈ ತಿನ್ನುತ್ತಿದ್ದರು ಎಂಬ ವಿವರ ಅದು.

ಎಂ.ಐ.ಎ. ಸಿಟ್ಟಾದರು. ಪತ್ರಕರ್ತೆಯ ಫೋನ್ ನಂಬರನ್ನೇ ಟ್ವಿಟರ್‌ನಲ್ಲಿ ಹಾಕಿದರು. ಇದು ತಪ್ಪು, ಯಾರು ಮಾಡಿದರೂ ತಪ್ಪು. ಆದರೆ ಆಮೇಲೆ ಅವರು ಸಂದರ್ಶನದ ಧ್ವನಿಮುದ್ರಣವನ್ನೂ ಹೊರಬಿಟ್ಟರು. ಆ ಫ್ರೈಸ್ ತರಿಸುವ ಮಾತು ಮೊದಲು ತೆಗೆದದ್ದು ಪತ್ರಕರ್ತೆಯೇ ಎಂದು ಅದರಲ್ಲಿ ಕೇಳುತ್ತದೆ. ಕೊನೆಗೆ ಪತ್ರಿಕೆ ಕೂಡ ಸಂಪಾದಕರ ಟಿಪ್ಪಣಿ ಹಾಕಿ, ಲೇಖನದ ಒಂದು ಕಡೆ ಬೇರೆ ಬೇರೆ ಹೊತ್ತಿನಲ್ಲಿ ಆಡಿದ ಮಾತುಗಳನ್ನು ಒಟ್ಟಿಗೆ ಜೋಡಿಸಲಾಗಿತ್ತು ಎಂದು ಒಪ್ಪಿಕೊಂಡಿತು.

ಟಿಪ್ಪಣಿ ಓದಿದವರು ಎಷ್ಟು ಮಂದಿ? ಫ್ರೈಸ್ ಮಾತ್ರ ಎಲ್ಲರಿಗೂ ನೆನಪಿತ್ತು. ಜುಲೈನಲ್ಲಿ ವಿಮರ್ಶೆ ಬರೆಯಲು ಕೂತವರ ತಲೆಯಲ್ಲೂ ಅದೇ ಇತ್ತು.

ಶ್ರೀಮಂತರಾದ ಮೇಲೂ ಅವರಿಗೆ ಬಂಡಾಯದ ಹಾಡು ಹೇಳುವ ಹಕ್ಕಿದೆಯಾ?

ಇದೆ. ನಿರಾಶ್ರಿತರಾಗಿ ಬಂದ ಮನೆಯ ಮಗಳು ದುಡಿದು ಒಳ್ಳೆಯ ಮನೆ ಮಾಡಿಕೊಂಡರೆ ಅವಳ ಬಾಲ್ಯ ಅಳಿಸಿಹೋಗುತ್ತದಾ? ತಾಯಿ ಕಲಾ ಲಂಡನ್ನಿನಲ್ಲಿ ಹೊಲಿಗೆ ಕೆಲಸ ಮಾಡಿ ಮಕ್ಕಳನ್ನು ಸಾಕಿದವರು. ರಾಣಿ ಕೊಡುವ ಪದಕಗಳ ರಿಬ್ಬನ್ನುಗಳನ್ನು ಕೈಯಲ್ಲೇ ಹೊಲಿಯುವುದು ಅವರ ಕೆಲಸವಾಗಿತ್ತು. 2019ರಲ್ಲಿ ಎಂ.ಐ.ಎ. ಅವರಿಗೆ ಬ್ರಿಟನ್ನಿನ ಎಂಬಿಇ ಗೌರವ ಸಿಕ್ಕಾಗ, ತಾಯಿ ವರ್ಷಗಟ್ಟಲೆ ಹೊಲಿದದ್ದು ಅಂಥದ್ದೇ ಪದಕಗಳನ್ನು ಎಂದು ಅವರೇ ಹೇಳಿಕೊಂಡರು. ಫ್ರೈಸ್ ಬಗ್ಗೆ ಬರೆದಷ್ಟು ಜನ ಈ ಹೊಲಿಗೆಯ ಬಗ್ಗೆ ಬರೆಯಲಿಲ್ಲ.

ಇನ್ನೊಂದು ಮಾತು. ಸಿಟ್ಟಿನ ಹಾಡು ಹಾಡಿ ಕೋಟಿಗಟ್ಟಲೆ ಗಳಿಸಿದ ಬಿಳಿಯ ಗಂಡಸರ ರಾಕ್ ತಂಡಗಳು ಎಷ್ಟಿಲ್ಲ? ಅವರಿಗೂ ಕಪಟಿ ಅನ್ನುವ ಮಾತು ಆಗಾಗ ಬಂದಿದೆ. ಆದರೆ ಊಟದ ತಟ್ಟೆಯಲ್ಲಿ ಏನಿತ್ತು ಅಂತ ನೋಡಿ ಅವರ ಆಲ್ಬಂ ಅಳೆದದ್ದು ನನಗೆ ಕಂಡಿಲ್ಲ. ಕಂದು ಬಣ್ಣದ ಹೆಂಗಸು ಬಡವಳಾಗಿದ್ದಾಗ ಅವಳ ಸಿಟ್ಟು ‘ಅಪ್ಪಟ’, ಉಳ್ಳವಳಾದ ತಕ್ಷಣ ಅದೇ ಸಿಟ್ಟು ‘ನಾಟಕ’. ಈ ತಕ್ಕಡಿ ಸರಿಯಿಲ್ಲ.

ಹಾಗಾದರೆ ಟೀಕೆಗಳಲ್ಲಿ ನ್ಯಾಯವೇ ಇರಲಿಲ್ಲವಾ?

ಇತ್ತು. ಆಲ್ಬಂ ಸಮನಾಗಿಲ್ಲ. ‘ಟೆಕ್ಕಿಲಾ’ ಕುಡಿತದ ಹಾಡು, ಅದರ ಉದ್ದಕ್ಕೆ ತಕ್ಕ ಸರಕಿಲ್ಲ. ನಡುವಿನ ಒಂದೆರಡು ಹಾಡುಗಳು ಅರ್ಧಕ್ಕೆ ಬಿಟ್ಟ ಹಾಗಿವೆ. ಮಾತುಗಳು ಕೆಲವೆಡೆ ನಿಜಕ್ಕೂ ಗೋಡೆಬರಹದಷ್ಟೇ ಇವೆ: ಎತ್ತಿ ಹೇಳುತ್ತವೆ, ಬಿಡಿಸಿ ಹೇಳುವುದಿಲ್ಲ.

ಗಟ್ಟಿಯಾದ ಟೀಕೆ ಬರಬಹುದಾದದ್ದು ‘ಲವಲಾಟ್’ ಹಾಡಿನ ಬಗ್ಗೆ. 2010ರ ಮಾರ್ಚ್‌ನಲ್ಲಿ ಮಾಸ್ಕೋ ಮೆಟ್ರೊದಲ್ಲಿ ಆತ್ಮಾಹುತಿ ಬಾಂಬ್ ಸ್ಫೋಟಿಸಿ ಸುಮಾರು 40 ಜನ ಸತ್ತರು. ಬಾಂಬ್ ಕಟ್ಟಿಕೊಂಡು ಬಂದವರಲ್ಲಿ ಒಬ್ಬಳು ದಾಗೆಸ್ತಾನದ 17ರ ವಿಧವೆ. ಆ ಹುಡುಗಿಯ ಪ್ರೇರಣೆಯಿಂದ ಹುಟ್ಟಿದ ಹಾಡಿದು. ಪಲ್ಲವಿಯಲ್ಲಿ ಪ್ರೀತಿಯ ಮಾತು ಒಮ್ಮೆ ಪ್ರೀತಿಯಾಗಿಯೇ, ಒಮ್ಮೆ ದೇವರ ಹೆಸರಾಗಿ ಕೇಳುತ್ತದೆ. ಹುಡುಗಿಯ ತಲೆಯೊಳಗೆ ಇಳಿಯುವ ಧೈರ್ಯ ಇದರಲ್ಲಿದೆ. ಆದರೆ ರೈಲಿನಲ್ಲಿ ಸತ್ತವರು ಹಾಡಿನಲ್ಲಿ ಎಲ್ಲೂ ಇಲ್ಲ. ಇದನ್ನು ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಇಂಥ ಟೀಕೆ ಹಾಡನ್ನು ಕೇಳಿ ಮಾಡುವ ಟೀಕೆ, ಅದಕ್ಕೆ ಬೆಲೆ ಇದೆ.

ಎಂ.ಐ.ಎ. ಎಲ್‌ಟಿಟಿಇ ಪರ ಅಂತಾರಲ್ಲ?

ಭಾರತದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಮೊದಲು ಒಂದು ಗೊಂದಲ ಬಿಡಿಸೋಣ. ಅವರ ತಂದೆ ಇದ್ದದ್ದು ಈರೋಸ್‌ನಲ್ಲಿ, ಎಲ್‌ಟಿಟಿಇಯಲ್ಲಿ ಅಲ್ಲ. ಎರಡೂ ಬೇರೆ ಬೇರೆ ಸಂಘಟನೆಗಳು. ಮಗಳು ಬೆಳೆದದ್ದು ಬಹುಮಟ್ಟಿಗೆ ತಂದೆಯಿಂದ ದೂರವಾಗಿಯೇ. ಅವರ ಮೊದಲ ದಿನಗಳ ಚಿತ್ರಕಲೆಯಲ್ಲಿ ಹುಲಿ, ಬಂದೂಕು ಇದ್ದವು. ಭಯೋತ್ಪಾದನೆಗೆ ತಮ್ಮ ಬೆಂಬಲ ಇಲ್ಲ, ತಮಿಳು ನಾಗರಿಕರ ಪರ ಮಾತಾಡುತ್ತಿದ್ದೇನೆ ಎಂದು ಅವರು ಹಲವು ಸಲ ಹೇಳಿದ್ದಾರೆ.

ಎಲ್‌ಟಿಟಿಇ ಮಕ್ಕಳ ಕೈಗೆ ಬಂದೂಕು ಕೊಟ್ಟಿತು. 1990ರಲ್ಲಿ ಉತ್ತರ ಪ್ರಾಂತ್ಯದ ಮುಸ್ಲಿಮರನ್ನು ಊರು ಬಿಡಿಸಿ ಓಡಿಸಿತು. ಯುದ್ಧದ ಕೊನೆಗೆ ತನ್ನದೇ ಜನರನ್ನು ಗುರಾಣಿ ಮಾಡಿಕೊಂಡಿತು. ವಿಶ್ವಸಂಸ್ಥೆಯ ಸಮಿತಿ ಎರಡೂ ಕಡೆಯವರ ಮೇಲೆ ಆರೋಪ ಹೊರಿಸಿದೆ. ಎಂ.ಐ.ಎ. ಅವರ ಹಾಡುಗಳಲ್ಲಿ ಈ ಎರಡನೇ ಅರ್ಧ ಕೇಳುವುದಿಲ್ಲ. ಶ್ರೀಲಂಕಾದ ಹಲವರಿಗೆ, ಸಿಂಹಳೀಯರಿಗಷ್ಟೇ ಅಲ್ಲ, ಇದೇ ನೋವು. ಈ ಮಾತನ್ನು ಮುಚ್ಚಿಟ್ಟು ಆಲ್ಬಂ ಹೊಗಳುವುದು ನನ್ನಿಂದಾಗದು. ಹಾಗಂತ ಸತ್ತ ತಮಿಳರ ಹೆಸರೆತ್ತಿದವರನ್ನೆಲ್ಲ ಉಗ್ರರ ಪರ ಅನ್ನುವುದೂ ಅನ್ಯಾಯ.

ಗೂಗಲ್ ಬಗ್ಗೆ ಒಂದು ಹಾಡಿದೆಯಂತೆ, ಅದೇನು?

ಆಲ್ಬಂ ಶುರುವಾಗುವುದೇ ಅದರಿಂದ. ‘ದಿ ಮೆಸೇಜ್’ ಅಂತ ಹೆಸರು, ಒಂದು ನಿಮಿಷವೂ ಇಲ್ಲ. ಕೀಬೋರ್ಡ್ ಕುಟ್ಟುವ ಸದ್ದು, ಮಕ್ಕಳ ಪ್ರಾಸದ ಧಾಟಿ: ತಲೆಗೆ ಹೆಡ್‌ಫೋನು, ಹೆಡ್‌ಫೋನಿಗೆ ಐಫೋನು, ಅದಕ್ಕೆ ಇಂಟರ್ನೆಟ್ಟು, ಅದಕ್ಕೆ ಗೂಗಲ್ಲು, ಗೂಗಲ್ಲಿಗೆ ಸರ್ಕಾರ. ಒಂದರ ಕೊಂಡಿ ಇನ್ನೊಂದಕ್ಕೆ.

2010ರಲ್ಲಿ ಇದನ್ನು ಕೇಳಿ ನಕ್ಕವರೇ ಜಾಸ್ತಿ. ಹುಚ್ಚು ಅನುಮಾನ ಅಂದರು. ಮೂರು ವರ್ಷ ಕಳೆಯಿತು. 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಕೊಟ್ಟ ದಾಖಲೆಗಳನ್ನು ಗಾರ್ಡಿಯನ್ ಮತ್ತು ವಾಷಿಂಗ್ಟನ್ ಪೋಸ್ಟ್ ಪ್ರಕಟಿಸಿದವು. ಗೂಗಲ್ ಸೇರಿದಂತೆ ದೊಡ್ಡ ಕಂಪನಿಗಳಿಂದ ಬಳಕೆದಾರರ ಮಾಹಿತಿ ಪಡೆಯಲು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಪ್ರಿಸಂ ಎಂಬ ಕಾರ್ಯಕ್ರಮ ನಡೆಸುತ್ತಿತ್ತು ಎಂದು ಜಗತ್ತಿಗೆ ಗೊತ್ತಾಯಿತು. ತಮ್ಮ ಸರ್ವರ್‌ಗಳಿಗೆ ನೇರ ದಾರಿ ಕೊಟ್ಟಿಲ್ಲ ಎಂದು ಕಂಪನಿಗಳು ಹೇಳಿದವು. ಏನೇ ಇರಲಿ, ಆಮೇಲೆ ಆ ಪ್ರಾಸ ಕೇಳಿ ಯಾರೂ ನಗಲಿಲ್ಲ.

ಎಂ.ಐ.ಎ. ಭವಿಷ್ಯ ನುಡಿದರು ಅಂತೇನಲ್ಲ. ಯುದ್ಧದ ನೆರಳಲ್ಲಿ, ಹುಡುಕಾಟ ನಡೆಸುವ ಸೈನಿಕರ ಮಧ್ಯೆ ಬೆಳೆದವರಿಗೆ ಯಾರೋ ನೋಡುತ್ತಿದ್ದಾರೆ ಅನ್ನುವುದು ಕಲ್ಪನೆಯಲ್ಲ, ದಿನದ ಅನುಭವ. ವಿಮರ್ಶಕರಿಗೆ ಆ ಅನುಭವ ಇರಲಿಲ್ಲ.

ಬೈಗುಳ ಬಿದ್ದ ಮೇಲೆ ಆಲ್ಬಂ ಮಾರಾಟವಾಯಿತಾ?

ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಒಂಬತ್ತನೇ ಸ್ಥಾನ ಸಿಕ್ಕಿತು. ಎಲ್ಲರೂ ಹೊಗಳಿದ್ದ ‘ಕಲಾ’ ಅಲ್ಲಿ 18ಕ್ಕೆ ನಿಂತಿತ್ತು. ಬ್ರಿಟನ್ನಿನಲ್ಲಿ ‘ಮಾಯಾ’ಕ್ಕೆ 21ನೇ ಸ್ಥಾನ. ಆದರೆ ‘ಪೇಪರ್ ಪ್ಲೇನ್ಸ್’ ಥರದ ಒಂದು ಹಾಡು ಇದರಿಂದ ಹುಟ್ಟಲಿಲ್ಲ. ಇದ್ದುದರಲ್ಲಿ ಮೆಲುವಾದ ಪಾಪ್ ಹಾಡು ‘ಎಕ್ಸ್‌ಎಕ್ಸ್‌ಎಕ್ಸ್‌ಒ’ ಕೂಡ ಅಷ್ಟು ದೂರ ಹೋಗಲಿಲ್ಲ.

ಟೀಕೆಗೆ ಅವರು ಹೇಗೆ ಉತ್ತರ ಕೊಟ್ಟರು?

ಕೆಲಸದಿಂದ ಕೊಟ್ಟದ್ದೇ ಒಳ್ಳೆಯ ಉತ್ತರ. ಆಲ್ಬಂ ಬಂದ ವಾರವೇ ಡೇವಿಡ್ ಲೆಟರ್‌ಮನ್ ಅವರ ಟಿವಿ ಕಾರ್ಯಕ್ರಮದಲ್ಲಿ ‘ಬಾರ್ನ್ ಫ್ರೀ’ ಹಾಡಿದರು. ವೇದಿಕೆಯ ತುಂಬ ಅವರಂತೆಯೇ ಬಟ್ಟೆ, ವಿಗ್ಗು ತೊಟ್ಟ ಹುಡುಗಿಯರು. ನಿಜವಾದ ಎಂ.ಐ.ಎ. ಯಾರು ಅಂತ ಹುಡುಕಬೇಕು. ಕೀಬೋರ್ಡ್ ಮುಂದೆ ದೊಡ್ಡ ಕಪ್ಪು ಕನ್ನಡಕ ಹಾಕಿ ನಿಂತಿದ್ದವರು ಸೂಸೈಡ್ ತಂಡದ ಮಾರ್ಟಿನ್ ರೆವ್, ಅಂದರೆ ಆ ಹಾಡಿನ ಸ್ಯಾಂಪಲ್‌ನ ಮೂಲ ಪುರುಷ! ‘ಅಸಲಿ ಯಾರು, ನಕಲಿ ಯಾರು’ ಎಂದು ತಿಂಗಳುಗಟ್ಟಲೆ ಕೇಳಿದವರಿಗೆ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳುವುದು?

ಆ ವರ್ಷದ ಕೊನೆಯ ದಿನ ‘ವಿಕಿ ಲೀಕ್ಸ್’ ಹೆಸರಿನ ಮಿಕ್ಸ್‌ಟೇಪ್, ಅಂದರೆ ಆಲ್ಬಂ ಅಲ್ಲದ ಹಾಡುಗಳ ಕಟ್ಟು, ಬಿಟ್ಟಿಯಾಗಿ ಬಿಟ್ಟರು. ಅದರ ವೇಗ, ಲವಲವಿಕೆ ನೋಡಿ ಮುನಿಸಿಕೊಂಡವರೂ ತಿರುಗಿ ಬಂದರು. ಮುಂದೆ ಬಹಳ ಹೆಸರು ಮಾಡಿದ ‘ಬ್ಯಾಡ್ ಗರ್ಲ್ಸ್’ ಹಾಡಿನ ಮೊದಲ ರೂಪ ಇರುವುದು ಅದರಲ್ಲೇ. ನಾಲ್ಕನೇ ಆಲ್ಬಂ ‘ಮಾತಂಗಿ’ 2013ರಲ್ಲಿ ಬಂತು.

ಈಗ ವಿಮರ್ಶಕರ ಅಭಿಪ್ರಾಯ ಬದಲಾಗಿದೆಯಾ?

ಬಹಳಷ್ಟು. ಸ್ನೋಡೆನ್ ಪ್ರಕರಣದ ನಂತರ ‘ಮಾಯಾ’ವನ್ನು ಮತ್ತೆ ಕೇಳಿ ಬರೆದವರು ಹಲವರು. ಸದ್ದಿನ ಬಗ್ಗೆಯೂ ಕಿವಿ ಬದಲಾಯಿತು. 2013ರಲ್ಲಿ ಅಮೆರಿಕದ ರಾಪರ್ ಕಾನ್ಯೆ ವೆಸ್ಟ್ ‘ಯೀಜಸ್’ ಎಂಬ ಒರಟು, ಡಿಸ್ಟಾರ್ಷನ್ ತುಂಬಿದ ಎಲೆಕ್ಟ್ರಾನಿಕ್ ರಾಪ್ ಆಲ್ಬಂ ತಂದಾಗ ವಿಮರ್ಶಕರು ಅದನ್ನು ದಿಟ್ಟತನ ಎಂದು ಹೊಗಳಿದರು. ಮೂರು ವರ್ಷ ಮೊದಲು ಅದೇ ಜಾಡಿನಲ್ಲಿ ನಡೆದವರಿಗೆ ಸಿಕ್ಕಿದ್ದು 4.4. 2018ರಲ್ಲಿ ಎಂ.ಐ.ಎ. ಬಗ್ಗೆ ಸ್ಟೀವ್ ಲವ್‌ರಿಜ್ ನಿರ್ದೇಶಿಸಿದ ಸಾಕ್ಷ್ಯಚಿತ್ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಎಂ.ಐ.ಎ. ತಾವೇ ಹರೆಯದಿಂದ ಚಿತ್ರಿಸಿಟ್ಟಿದ್ದ ಮನೆಯ ವಿಡಿಯೊಗಳು ಅದರಲ್ಲಿವೆ. ಅವರ ಹಿನ್ನೆಲೆ ಬಗ್ಗೆ ಅನುಮಾನ ಇದ್ದವರು ಅದನ್ನು ಒಮ್ಮೆ ನೋಡಬೇಕು.

ಇನ್ನೊಂದು ಕಡೆಯೂ ಇದೆ. 2020ರಲ್ಲಿ ಅವರು ಲಸಿಕೆಗಳ ವಿರುದ್ಧ ಮಾತಾಡಿದರು. ಅದನ್ನು ನಾನು ಒಪ್ಪುವುದಿಲ್ಲ. ಎಲ್ಲದರ ಹಿಂದೆ ಯಾರೋ ಇದ್ದಾರೆ ಎಂಬ ಅನುಮಾನ ಒಂದು ಕಡೆ ಸರಿಯಾದರೆ ಎಲ್ಲ ಕಡೆಯೂ ಸರಿಯಾಗಬೇಕಿಲ್ಲ. ಆದರೆ 2020ರ ಮಾತಿಗಾಗಿ 2010ರ ಆಲ್ಬಂ ಅನ್ನು ಕೆಳಗಿಳಿಸಿದರೆ, ಆಗಿನ ವಿಮರ್ಶಕರು ಮಾಡಿದ್ದನ್ನೇ ನಾವೂ ಮಾಡಿದ ಹಾಗಾಯಿತು.

ಕೇಳಲು ಎಲ್ಲಿಂದ ಶುರು ಮಾಡಲಿ?

ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ಕೇಳಬೇಡಿ, ಸುಸ್ತಾಗುತ್ತದೆ. ‘ಇಟ್ ಟೇಕ್ಸ್ ಎ ಮಸಲ್’ನಿಂದ ಶುರು ಮಾಡಿ. ನೆದರ್‌ಲ್ಯಾಂಡ್ಸ್‌ನ ಹಳೆಯ ಪಾಪ್ ಹಾಡೊಂದನ್ನು ರೆಗೆ ಲಯಕ್ಕೆ ತಂದದ್ದು, ಇಡೀ ಆಲ್ಬಂನಲ್ಲಿ ಬಿಸಿಲು ಬಿದ್ದ ಹಾಡು ಇದೊಂದೇ. ಆಮೇಲೆ ‘ಟೆಲ್ ಮಿ ವೈ’. ಅಲಬಾಮಾದ ಹಳ್ಳಿ ಚರ್ಚಿನವರು ಒಟ್ಟಾಗಿ ಹಾಡಿದ ಹಳೆಯ ಧ್ವನಿಮುದ್ರಣ ಅದರ ತಳದಲ್ಲಿದೆ, ಆ ದನಿಗಳ ಮೇಲೆ ಇವರ ದನಿ ತೇಲುತ್ತದೆ. ಅಷ್ಟು ಹೊತ್ತಿಗೆ ಕಿವಿ ಒಗ್ಗಿರುತ್ತದೆ. ಆಗ ‘ಬಾರ್ನ್ ಫ್ರೀ’ ಹಾಕಿ, ವಿಡಿಯೊ ಇಲ್ಲದೆ ಹಾಡು ಮಾತ್ರ. ‘ಸ್ಟೆಪ್ಪಿನ್ ಅಪ್’ ಅದರ ನಂತರ. ಫೋನಿನ ಸ್ಪೀಕರಿನಲ್ಲಿ ಬೇಡ, ಬೇಸ್ ಪೂರ್ತಿ ಹಾರಿಹೋಗಿ ಬರೀ ಕಿರುಚಾಟ ಉಳಿಯುತ್ತದೆ. ‘ಟೆಕ್ಕಿಲಾ’ ಬಿಟ್ಟರೂ ನಷ್ಟವಿಲ್ಲ.